ಹನ್ನೊಂದು ಹೆಜ್ಜೆ

ಹನ್ನೊಂದೇ ಹೆಜ್ಜೆ. ಹತ್ತನ್ನು ಇಟ್ಟಾಗಿತ್ತು. ಇನ್ನೊಂದನ್ನೂ ಇಟ್ಟಿದ್ದರೆ ಆ ರೋಗಿಯ ಪಾದ ಉಳಿಯುತ್ತಿತ್ತೇ... ಅಥವಾ ಅಷ್ಟರಲ್ಲೇ ತಡವಾಗಿತ್ತೇ? ಮೇಟ್ರನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಅವನು ಇದನ್ನೇ ತಿರುತಿರುಗಿ ಕೇಳಿಕೊಳ್ಳುತ್ತಿದ್ದ. ಮೂಳೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಸಹಾಯಕ ನರ್ಸಾಗಿ ದುಡಿದವನು. ಬೆಂಚಿನ ಇನ್ನೊಂದು ತುದಿಯಲ್ಲಿ ಬಿಳಿ ಸಮವಸ್ತ್ರದಲ್ಲಿ ತಲೆ ತಗ್ಗಿಸಿ ಕುಳಿತಿದ್ದವಳು ಅದೇ ವಾರ್ಡಿನ ಸ್ಟಾಫ್ ನರ್ಸ್. ಅವನ ಮಗಳು. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು.

ಆರು ತಿಂಗಳ ಹಿಂದೆ ಅವಳು ಈ ವಾರ್ಡಿಗೆ ಬಂದಾಗ ನೆಲ ಒರೆಸುವ ಹೆಂಗಸು, "ಅಪ್ಪ ಬ್ರದರ್, ಮಗಳು ಸಿಸ್ಟರ್. ಮನೇಲಿ ಅಮ್ಮನ್ನ ಏನಂತ ಕರೀತೀರಪ್ಪಾ?" ಎಂದು ಎಲ್ಲರನ್ನೂ ನಗಿಸಿದ್ದಳು. ಅವನೂ ನಕ್ಕಿದ್ದ. ವಾರ್ಡಿನೊಳಗೆ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದ, ಅವಳು ಹೇಳಿದ್ದನ್ನು ಮಾಡುತ್ತಿದ್ದ. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅವಳ ಹಳೆಯ ಪಠ್ಯಪುಸ್ತಕಗಳನ್ನು ಓದುತ್ತಿದ್ದ. ಆಸ್ಪತ್ರೆ ವರ್ಷಕ್ಕೊಬ್ಬ ಅನುಭವಿ ಸಹಾಯಕನನ್ನು ನರ್ಸಿಂಗ್ ಕೋರ್ಸಿಗೆ ಕಳುಹಿಸುತ್ತಿತ್ತು. ವಯಸ್ಸಿನ ಮಿತಿ ನಲವತ್ತೈದು. ಅವನಿಗೆ ಇದೇ ಕೊನೆಯ ವರ್ಷ, ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಅವನ ತಪ್ಪು ಉತ್ತರಗಳ ಪಕ್ಕದಲ್ಲಿ ಮಗಳು ಕೆಂಪು ಶಾಯಿಯಲ್ಲಿ, ‘ಇನ್ನೊಂದ್ಸಲ ಓದಪ್ಪಾ’ ಎಂದು ಬರೆಯುತ್ತಿದ್ದಳು.

ಆ ಮಧ್ಯಾಹ್ನ, ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಗೋಡೆಗೆ ಬಣ್ಣ ಬಳಿಯುವವನ ಹಾಸಿಗೆಯ ಬಳಿ ಅವನು ನಿಂತ. ತೊಡೆಯವರೆಗೆ ಹೊಸ ಪ್ಲಾಸ್ಟರು. ಹೊರಗಿಣುಕುತ್ತಿದ್ದ ಬೆರಳುಗಳನ್ನು ಮುಟ್ಟಿದ: ತಣ್ಣಗಿದ್ದವು. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲಿಲ್ಲ; ಪ್ಲಾಸ್ಟರು ಬಿಗಿದು ರಕ್ತ ಇಳಿಯುತ್ತಿರಲಿಲ್ಲ. ಅವನ ಕೆಲಸ ನೋಡುವುದು, ಮುಟ್ಟುವುದು, ನರ್ಸಿಗೆ ಹೇಳುವುದು. ಡಾಕ್ಟರನ್ನು ಕರೆಸುವ ತೀರ್ಮಾನ ನರ್ಸಿನದು. ಅಪಘಾತದವರಿಬ್ಬರು ಆಗಷ್ಟೇ ಬಂದಿದ್ದರು. ರಕ್ತದ ಬಾಟಲಿ ಹಿಡಿದಿದ್ದ ಮಗಳು ತಿರುಗಿಯೂ ನೋಡದೆ, ನೋಡ್ತೀನಿ ಎಂದಳು. ಅರ್ಧ ಗಂಟೆ ಬಿಟ್ಟು ಅವನು ಮತ್ತೆ ಹೋದ. ಸುತ್ತ ತರಬೇತಿಯ ಹುಡುಗಿಯರಿದ್ದರು.

"ಬ್ರದರ್, ಒಂದ್ಸಲ ಹೇಳಿದ್ರೆ ಸಾಕು."

ಯಾರೋ ಕಿಸಕ್ಕನೆ ನಕ್ಕರು. ಅವನು ಎಂದಿನ ಅಭ್ಯಾಸದಂತೆ ಪ್ಯಾಂಟಿನ ತೊಡೆಗೆ ಅಂಟಿಸಿಕೊಂಡಿದ್ದ ಟೇಪಿನ ಪಟ್ಟಿಯಲ್ಲಿ ಎರಡೂ ಸಮಯ ಬರೆದುಕೊಂಡ. ಆಮೇಲೆ ಡಾಕ್ಟರ ಕೋಣೆಯತ್ತ ನಡೆದ. ಬಾಗಿಲು ತೆರೆದಿತ್ತು, ಒಳಗೆ ಚಮಚ ಲೋಟಕ್ಕೆ ತಾಗುವ ಸದ್ದು. ಹತ್ತನೆಯ ಹೆಜ್ಜೆಗೆ, ಹೊಸ್ತಿಲ ಬಳಿ ಕಾಲು ನಿಂತಿತು. ಅವಳನ್ನು ದಾಟಿ ತಾನು ಒಳಹೊಕ್ಕರೆ, ಡಾಕ್ಟರು ಆ ಹುಡುಗಿಯರೆದುರಿಗೇ ಅವಳ ಮಾನ ಕಳೆಯುತ್ತಾರೆ... ಅವನು ಹಿಂದಿರುಗಿ ಬಂದು ಆ ಬೆರಳುಗಳನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ಕುಳಿತ, ಬೆಚ್ಚಗಾದರೆ ಸರಿಹೋಗುತ್ತದೆಂಬಂತೆ.

"ಮುಟ್ಟಿದ್ದೀರಾ ಬ್ರದರ್?" ಎಂದ ಬಣ್ಣದವನು. "ನಂಗೆ ಗೊತ್ತೇ ಆಗ್ತಿಲ್ಲ."

ಡಾಕ್ಟರು ಬಂದು ಪ್ಲಾಸ್ಟರು ಸೀಳಿದಾಗ ಸಂಜೆಯಾಗಿತ್ತು. ಮೂರನೆಯ ದಿನ ಪಾದ ತೆಗೆಯಬೇಕಾಯಿತು.

ಮೇಟ್ರನ್ ಇಬ್ಬರನ್ನೂ ಒಳಗೆ ಕರೆದರು. ಚಾರ್ಟಿನಲ್ಲಿ ಆ ಹೊತ್ತಿನ ಜಾಗ ಖಾಲಿಯಿತ್ತು. ಬೆರಳು ತಣ್ಣಗಿದ್ದುದನ್ನು ಸಿಸ್ಟರ್‌ಗೆ ಹೇಳಿದೆಯಾ ಎಂದು ಅವನನ್ನು ಕೇಳಿದರು.

"ಇಲ್ಲ ಮೇಡಂ. ಮರೆತೆ."

"ಹತ್ತೊಂಬತ್ತು ವರ್ಷದಲ್ಲಿ ನೀನು ಮರೆತದ್ದನ್ನ ನಾನು ನೋಡಿಲ್ಲ."

ಅವನು ನೆಲ ನೋಡುತ್ತಿದ್ದ. ಮಗಳ ತುಟಿ ತೆರೆಯಿತು, ಮುಚ್ಚಿತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೋರ್ಸಿನ ಪಟ್ಟಿಯಿಂದ ಅವನ ಹೆಸರು ಹೋಯಿತು. ಮರುದಿನದಿಂದ ಒಗೆಯುವ ಬಟ್ಟೆಗಳ ಉಗ್ರಾಣಕ್ಕೆ ಹೋಗಬೇಕೆಂದು ಆದೇಶವಾಯಿತು.

ಮನೆಯಲ್ಲಿ ಹೆಂಡತಿ ಬಚ್ಚಲಿನ ಗೋಡೆಯಿಂದ ಒಂದು ಟೇಪಿನ ಪಟ್ಟಿ ಕಿತ್ತು ತಂದಳು. ಅವನ ಪ್ಯಾಂಟು ನೆನೆಹಾಕುವಾಗಲೆಲ್ಲ ಅವಳು ಟೇಪು ಬಿಡಿಸಿ ಆ ಗೋಡೆಗೆ ಅಂಟಿಸುತ್ತಿದ್ದಳು. ‘2.10 ಬೆರಳು ತಣ್ಣಗೆ, ಸಿಸ್ಟರ್‌ಗೆ ಹೇಳಿದೆ. 2.40 ಮತ್ತೆ ಹೇಳಿದೆ.’

"ನಾಳೆ ಇದನ್ನ ಮೇಟ್ರನ್ ಕೈಗೆ ಕೊಟ್ಟು ಬರ್ತೀನಿ."

"ಕೊಟ್ರೆ ಅವಳ ಕೆಲಸ ಹೋಗುತ್ತೆ."

"ಕೊಡದಿದ್ರೆ ನೀವು ಮುದುಕರಾಗೋವರೆಗೂ ಕೊಳೆ ಬಟ್ಟೆ ಎಣಿಸ್ತೀರಿ. ನಾನೀಗ ಅವಳ ತಾಯಿಯಾಗಿರ್ಲಾ, ನಿಮ್ಮ ಹೆಂಡ್ತಿಯಾಗಿರ್ಲಾ? ನೀವೇ ಹೇಳಿ ರೀ..."

ಬಾಗಿಲಲ್ಲಿ ಮಗಳು ನಿಂತಿದ್ದಳು. ಸಮವಸ್ತ್ರವನ್ನೂ ಬದಲಿಸಿರಲಿಲ್ಲ. ತಾಯಿಯ ಬೆರಳ ತುದಿಯಿಂದ ಪಟ್ಟಿ ತೆಗೆದುಕೊಂಡು ಓದಿದಳು.

"ಅಪ್ಪಾ, ನೀನು ಎರಡ್ಸಲ ಹೇಳಿದ್ದೆ. ಅಲ್ಲಿ ನನ್ನ ಬಾಯಿಂದ ಮಾತೇ ಬರ್ಲಿಲ್ಲ. ನಾಳೆ ನಾನೇ ಹೋಗಿ ಹೇಳ್ತೀನಿ."

"ಬೇಡಮ್ಮ," ಎಂದ. "ಇನ್ಮೇಲೆ ಯಾರಾದ್ರೂ ಬೆರಳು ತಣ್ಣಗಿದೆ ಅಂದ್ರೆ, ಕೈಲಿರೋದನ್ನ ಅಲ್ಲೇ ಕೆಳಗಿಟ್ಟು ಹೋಗಿ ಮುಟ್ಟು. ಅಷ್ಟು ಸಾಕು."

ಪಟ್ಟಿಯನ್ನು ಅವಳಿಂದ ತೆಗೆದುಕೊಂಡು ಬಕೆಟಿನ ನೀರಿಗೆ ಹಾಕಿದ. ಶಾಯಿ ನೀಲಿ ದಾರದಂತೆ ಬಿಚ್ಚಿಕೊಂಡಿತು. ಹೆಂಡತಿ ಮುಖ ತಿರುಗಿಸಿದಳು. ಮಗಳು ಅವನ ತೋಳಿಗೆ ಹಣೆ ಹಚ್ಚಿ, ನಿನ್ನಂಥ ಅಪ್ಪ ಯಾರಿಗೂ ಸಿಗಲ್ಲ ಎಂದು ಬಿಕ್ಕುತ್ತಲೇ ಇದ್ದಳು. ಅವನ ಕೈ ಅವಳ ತಲೆಯ ಮೇಲಿತ್ತು. ಆ ಅಂಗೈ ಆ ದಿನದಿಂದ ಬೆಚ್ಚಗಾಗಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು.

ಡಾಕ್ಟರ ಬಾಗಿಲವರೆಗೆ ಹೋಗಿ ತಾನು ಹಿಂದಿರುಗಿದ್ದನ್ನು ಅವನು ಅವಳಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.