ನೀರು ಬಂದಿದ್ರ ಒಂದು ಒತ್ರಿ

ಸಿಂದಗಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವನು ನಾನು. ದೆವ್ವದ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕಾಲುವೆಗೆ ನೀರು ಬಿಟ್ಟಾಗ ರೈತರಿಗೆ ತಾನಾಗಿಯೇ ಫೋನ್ ಮಾಡುವ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದೆವು. "ನೀರು ಬಂದಿದ್ರ ಒಂದು ಒತ್ರಿ" ಎಂದು ಅದು ಕೇಳುತ್ತದೆ. ರೈತರಿಗೆ ಸುಮ್ಮನೆ ಕರೆ ಹೋಗಬಾರದೆಂದು ಪರೀಕ್ಷೆಯ ಸರ್ವರ್‌ನಲ್ಲಿ ನಮ್ಮವರಲ್ಲೇ ಒಬ್ಬರ ನಂಬರ್ ಹಾಕಿರುತ್ತೇವೆ. ಅದು ನಮ್ಮ ಜೊತೆಗಾರ ಸಿದ್ದಾರೂಢನದು. ಚಳಿಗಾಲದಲ್ಲಿ ಅವನು ಕಾಲುವೆಗೆ ಬಿದ್ದು ಸತ್ತ. ಹೆಣ ಸಿಕ್ಕಿತು, ಫೋನ್ ಸಿಗಲಿಲ್ಲ. ನಂಬರ್ ತೆಗೆಯುವ ನೆನಪು ಯಾರಿಗೂ ಆಗಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಸರ್ವರ್ ಸೆಟ್ಟಿಂಗ್ ಬದಲಿಸಿ ಚಾಲೂ ಮಾಡಿದೆ. ಸಿದ್ದಾರೂಢನ ನಂಬರಿಗೇ ಪರೀಕ್ಷೆಯ ಕರೆ ಹೋಯಿತು. ಯಾರೋ ಎತ್ತಿದರು. ಕಂಪ್ಯೂಟರಿನ ಸ್ಪೀಕರ್‌ನಲ್ಲಿ ನೀರು ಹರಿಯುವ ಸದ್ದು, ಆಮೇಲೆ 'ಒಂದು' ಒತ್ತಿದ ಬೀಪ್ ಸದ್ದು.

"ಕಾಲುವಿ ಒಣಗಿ ಬಿರುಕ ಬಿಟ್ಟೈತ್ರಿ," ಎಂದಳು ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಶೈಲಶ್ರೀ. "ಮೊದ್ಲ ಆ ನಂಬರ್ ತಗೀರಿ."

"ಆ ನಂಬರ್ ಬ್ಯಾರೆ ಯಾರಿಗರ ಕೊಟ್ಟಿರ್ತಾರ, ಸುಮ್ಕ ಕುಂದ್ರು," ಎಂದು ಗದರಿದೆ. ಆದರೂ ಅದನ್ನು ಅಳಿಸಿ ನನ್ನ ನಂಬರ್ ಹಾಕಿದೆ. ಮತ್ತೆ ಚಾಲೂ ಮಾಡಿ, ಮೇಜಿನ ಮೇಲಿದ್ದ ನನ್ನ ಫೋನನ್ನೇ ನೋಡುತ್ತ ಕೂತೆ.

ಅದು ರಿಂಗಾಗಲಿಲ್ಲ. ಆದರೆ ಸ್ಪೀಕರ್‌ನಲ್ಲಿ ಯಾರೋ ಕರೆ ಎತ್ತಿದರು. ಅದೇ ನೀರಿನ ಸದ್ದು, ಈ ಸಲ ಇನ್ನೂ ಹತ್ತಿರದಿಂದ. ಪರದೆಯ ಮೇಲೆ ನನ್ನ ನಂಬರ್, ಅದರ ಮುಂದೆ ಉತ್ತರ: ನೀರು ಬಂದಿದೆ.

ಫೋನ್ ಕೈಗೆತ್ತಿಕೊಂಡೆ. ಆ ಬಿಸಿಲಲ್ಲೂ ತಣ್ಣಗೆ ಕೊರೆಯುತ್ತಿತ್ತು. ಅದರಡಿ ಮೇಜು ಒದ್ದೆಯಾಗಿತ್ತು.