ಎಡಗಡೆಯ ಕೊರಳೆಲುಬು

"ಡಾಕ್ಟರಮ್ಮ ಇದಾರಾ?" ಎಂದು ಆ ಹೆಂಗಸು ಕೇಳಿದಾಗ ನಾನು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಬೆಳಗಿನಿಂದ ಎಕ್ಸ್‌ರೇ ತೆಗೆದು ತೆಗೆದು ನನ್ನ ಬೆನ್ನು ಹಿಡಿದುಕೊಂಡಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಸಾಯಂಕಾಲ ಬನ್ನಿ ಎಂದೆ. ಆಕೆ ಬಾಗಿಲಿಗೆ ಅಂಗೈ ಕೊಟ್ಟು ನಿಂತಳು.

"ನನ್ನ ಚಿಕ್ಕ ಮಗನ್ನ ಕೊಲೆಗಾರ ಅಂತ ಎಳ್ಕೊಂಡು ಹೋಗಿದಾರೆ. ಸಾಯಂಕಾಲದವರೆಗೆ ನಾನೆಲ್ಲಿಗೆ ಹೋಗ್ಲಪ್ಪಾ?"

"ಬಿಡೋ ಒಳಗೆ," ಎಂದರು ಡಾಕ್ಟರಮ್ಮ ಕೋಣೆಯಿಂದ. "ನಿನ್ನ ಊಟ ಎಲ್ಲೂ ಓಡಿಹೋಗಲ್ಲ."

ಡಾಕ್ಟರಮ್ಮ ಮೂಳೆ ವೈದ್ಯೆ. ಬೀದಿಯವರೆಲ್ಲ ಅವರನ್ನು ಮೂಳೆಯಮ್ಮ ಎನ್ನುತ್ತಾರೆ. ಪೊಲೀಸರು ತಲೆಕೆಡಿಸಿಕೊಂಡಾಗಲೂ ಬರುವುದು ಇಲ್ಲಿಗೇ. ನಾನು ಅವರ ಎಕ್ಸ್‌ರೇ ತೆಗೆಯುವವನು. ಬೈಸಿಕೊಳ್ಳುವುದೂ ನನ್ನದೇ ಕೆಲಸ.

ತಾಯಿ ಹೇಳಿದ್ದು ಇಷ್ಟು. ಅವಳ ಇಬ್ಬರು ಮಕ್ಕಳೂ ಒಂದೇ ಮರಗೆಲಸದ ಕಾರ್ಖಾನೆಯಲ್ಲಿದ್ದರು. ದೊಡ್ಡವನು ಖಾಯಂ ಬಡಗಿ, ಚಿಕ್ಕವನು ಇನ್ನೂ ಕೆಲಸ ಕಲಿಯುತ್ತಿದ್ದ. ನಿನ್ನೆ ಊಟದ ಬಿಡುವಿನಲ್ಲಿ ಯಜಮಾನ ತೊಲೆಯ ಕೆಳಗೆ ಸತ್ತುಬಿದ್ದಿದ್ದ. ತಲೆಗೆ ಏಟು ಬಿದ್ದಿತ್ತು. ಆ ಹೊತ್ತಿನಲ್ಲಿ ಗೇಟಿನ ಒಳಗಿದ್ದವರು ಯಜಮಾನ ಮತ್ತು ಈ ಇಬ್ಬರು ಮಾತ್ರ. ಬೆಳಿಗ್ಗೆಯಷ್ಟೇ ಯಜಮಾನ ಚಿಕ್ಕವನನ್ನು ಮೈಗಳ್ಳ ಎಂದು ಎಲ್ಲರೆದುರು ಉಗಿದಿದ್ದ.

"ದೊಡ್ಡವನ ಮೇಲೆ ಯಾಕೆ ಅನುಮಾನ ಬರಲಿಲ್ಲ?" ಎಂದರು ಡಾಕ್ಟರಮ್ಮ.

"ಅಯ್ಯೋ, ಅವನಿಗೆ ಹೋದ ವಾರ ಹೆಗಲು ಮುರಿದಿದೆಯಲ್ಲಮ್ಮ! ರಜಾ ಕೇಳಿದ್ರೆ ಕೊಡಲಿಲ್ಲ, ಕೂತ್ಕೊಂಡು ಲೆಕ್ಕ ನೋಡ್ಕೋ ಅಂದ್ರು. ಒಂದೇ ಕೈಲಿ ಆ ತೊಲೆ ಎತ್ತೋಕಾಗತ್ತಾ? ಇಲ್ನೋಡಿ, ಫೋಟೋ ತಂದಿದೀನಿ. ಒಬ್ಬನ ಹೆಗಲು ಹೋಯ್ತು, ಇನ್ನೊಬ್ಬನ ಕುತ್ತಿಗೆಗೆ ಬಂತು."

ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಬೇರೆ ಯಾವುದೋ ಕ್ಲಿನಿಕ್ಕಿನದು, ಮೂಲೆಯಲ್ಲಿ ದೊಡ್ಡವನ ಹೆಸರು. ಎಡಗಡೆಯ ಕೊರಳೆಲುಬು ನಟ್ಟನಡುವೆ ಮುರಿದಿತ್ತು. ಎದೆಯ ಕಡೆಯ ತುದಿಯಲ್ಲಿ ಸಣ್ಣ ಚಕ್ಕೆಯೊಂದು ತೆಳುಗೆರೆಯಷ್ಟು ಬಿಟ್ಟುಕೊಂಡು ನಿಂತಿತ್ತು. ಫಿಲಂ ತೊಳೆಯಲು ಬಾರದವರು ಮಾಡಿದ ಗೀರು ಎಂದು ಮನಸ್ಸಿನಲ್ಲೇ ಬೈದೆ.

"ದೊಡ್ಡವನಿಗೆ ವಯಸ್ಸೆಷ್ಟು?"

"ಮೂವತ್ತಾರು. ಚಿಕ್ಕವನಿಗೆ ಇಪ್ಪತ್ತೊಂದು. ಅಪ್ಪ ಹೋದ್ಮೇಲೆ ಅವನೇ ಇವನ್ನ ಎತ್ತಿ ಆಡಿಸಿದ್ದು."

ಡಾಕ್ಟರಮ್ಮ ಎಕ್ಸ್‌ರೇಯನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು. ನನ್ನ ಊಟ ಅಲ್ಲಿಗೆ ಮುಗಿದಂತೆಯೇ ಆಯಿತು.

ಶವಾಗಾರದ ಕಲ್ಲುಹಾಸಿನ ಮೇಲೆ ಯಜಮಾನ ಮಲಗಿದ್ದ. ದಪ್ಪ ಮೈಯವನು. ಡಾಕ್ಟರಮ್ಮ ತಲೆಯ ಗಾಯ ನೋಡಿ, ಎಡ ಮುಂಗೈಯನ್ನು ಬೆರಳಿನಿಂದ ಒತ್ತುತ್ತ ಹೋದರು.

"ಮುಟ್ಟಿ ನೋಡು."

ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೆಯದು ಗಟ್ಟಿಯಾಗಿತ್ತು. ಕಿರುಬೆರಳ ಕಡೆಯದು ಮಾತ್ರ ನಡುವೆ ಮುರಿದು ಅಲ್ಲಾಡುತ್ತಿತ್ತು. ನನ್ನ ಹಸಿವೆಲ್ಲ ಸತ್ತುಹೋಯಿತು.

"ತೊಲೆ ಬಿದ್ದು ಮುರಿದಿರಬೇಕು," ಎಂದ ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್.

"ತೊಲೆ ಬಿದ್ದಿದ್ರೆ ಎರಡೂ ನುಚ್ಚಾಗ್ತಿತ್ತು. ಕೈಯೂರಿ ಬಿದ್ದಿದ್ರೆ ಮಣಿಕಟ್ಟು ಹೋಗ್ತಿತ್ತು. ಇದು ಏಟು ತಡೆಯೋಕೆ ಮುಖದ ಮುಂದೆ ಕೈ ಅಡ್ಡ ಹಿಡಿದವನ ಮುರಿತ. ಹೊಡೆದವನು ಎದುರಿಗೇ ನಿಂತು, ಎರಡೂ ಕೈ ತಲೆಯ ಮೇಲಕ್ಕೆತ್ತಿ ಬಡಿದಿದಾನೆ."

"ಅದನ್ನೇ ನಾನೂ ಹೇಳೋದು. ಎರಡು ಕೈ ನೆಟ್ಟಗಿರೋನು ಲಾಕಪ್‌ನಲ್ಲಿದಾನೆ."

ಲಾಕಪ್ಪಿಗೂ ಹೋದೆವು. ಹುಡುಗ ಗೋಡೆಗೆ ಒರಗಿ, ಎಡಗೈ ಹೆಬ್ಬೆರಳನ್ನು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿ, ತಲೆಯನ್ನು ಎಡಕ್ಕೆ ವಾಲಿಸಿ ನಿಂತಿದ್ದ. ತುಂಬುತೋಳಿನ ಶರ್ಟು, ಕತ್ತಿನವರೆಗೂ ಗುಂಡಿ.

"ದಿಮಾಕು ನೋಡಿ ಇವನದು," ಎಂದ ಇನ್ಸ್‌ಪೆಕ್ಟರ್. "ಸೊಂಟದಿಂದ ಕೈ ತೆಗಿ ಅಂದ್ರೆ ತೆಗೆಯಲ್ಲ. ಬಾಯೂ ಬಿಡಲ್ಲ."

"ನೀನು ಹೊಡೆದೆಯೇನಪ್ಪಾ?" ಎಂದರು ಡಾಕ್ಟರಮ್ಮ. ಹುಡುಗ ನೆಲ ನೋಡಿದ. ನನಗೆ ಸಿಟ್ಟು ಬಂತು. ಹೆತ್ತವಳು ಅಲ್ಲಿ ಬಾಗಿಲು ಬಾಗಿಲು ಅಲೆಯುತ್ತಿದ್ದರೆ ಇವನು ಮೂಕನಾಗಿ ನಿಂತಿದ್ದಾನಲ್ಲ ಎನಿಸಿತು.

ಕಾರ್ಖಾನೆಯಲ್ಲಿ ದೊಡ್ಡವನು ಸಿಕ್ಕ. ಎಡಗೈಯನ್ನು ಬಟ್ಟೆಯಿಂದ ಕೊರಳಿಗೆ ತೂಗುಹಾಕಿದ್ದ. ತಲೆಯಿಂದ ಎಳೆದು ತೊಡುವ ದುಂಡುಕತ್ತಿನ ಅಂಗಿ, ಅದೂ ಆಗಷ್ಟೇ ಒಗೆದು ಹಾಕಿಕೊಂಡದ್ದು. ಒಳ್ಳೆಯ ಮಾತಿನವನು. ನಮಗೆ ಸ್ಟೂಲು ಎಳೆದುಕೊಟ್ಟು, "ತಮ್ಮ ಅಂಥವನಲ್ಲ ಅಮ್ಮಾ, ಹೇಗಾದ್ರೂ ಮಾಡಿ ಬಿಡಿಸಿ," ಎಂದು ಕಣ್ಣೀರು ತಂದುಕೊಂಡ. ನಾನು ಪೂರಾ ನಂಬಿದೆ. ಡಾಕ್ಟರಮ್ಮ ಮಾತ್ರ ಅವನ ಅಂಗಿಯನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಅದೇ ಕಾರ್ಖಾನೆಯಲ್ಲಿ ಎಲ್ಲರನ್ನೂ ಕೂಡಿಸಿದರು. ಇನ್ಸ್‌ಪೆಕ್ಟರ್ ಹುಡುಗನನ್ನು ಕರೆತಂದಿದ್ದ. ತಾಯಿ ಮರದ ಪುಡಿಯ ಮೇಲೆಯೇ ಕುಸಿದು ಕುಳಿತಿದ್ದಳು.

"ಈ ಎಕ್ಸ್‌ರೇಯಲ್ಲಿರೋ ಮುರಿತ ಸುಳ್ಳಲ್ಲ," ಎಂದು ಶುರುಮಾಡಿದರು ಡಾಕ್ಟರಮ್ಮ. "ಆದರೆ ನನ್ನ ಫೋಟೋದವನು ಗೀರು ಅಂದ್ಕೊಂಡನಲ್ಲ, ಈ ಚಕ್ಕೆ, ಇದನ್ನ ನೋಡಿ."

ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಅದು ಹೇಗೆ ಗೊತ್ತಾಯಿತೋ!

"ಮೈಯಲ್ಲಿ ಎಲ್ಲಕ್ಕಿಂತ ಕೊನೆಗೆ ಬಲಿಯೋದು ಕೊರಳೆಲುಬಿನ ಈ ತುದಿ. ಹದಿನೆಂಟು ಇಪ್ಪತ್ತಕ್ಕೆ ಚಕ್ಕೆಯಾಗಿ ಕಾಣಿಸ್ಕೊಳ್ಳತ್ತೆ. ಇಪ್ಪತ್ತೈದರ ಆಸುಪಾಸಿನಲ್ಲಿ ಮೂಳೆಗೆ ಬೆಸೆದುಕೊಳ್ಳತ್ತೆ. ಮೂವತ್ತಾರಕ್ಕೆ ಹೀಗೆ ಬಿಟ್ಟುಕೊಂಡಿರಲ್ಲ. ಹೆಸರು ದೊಡ್ಡವನದು, ಮೂಳೆ ದೊಡ್ಡವನದಲ್ಲ."

ನನ್ನ ಕೆನ್ನೆಗೆ ಬಾರಿಸಿದಂತಾಯಿತು. ನಾವು ಎಕ್ಸ್‌ರೇಯವರು ಹೇಳಿದ ಹೆಸರನ್ನೇ ಬರೆಯುತ್ತೇವೆ, ಯಾರು ಏನು ಎಂದು ವಿಚಾರಿಸುವುದಿಲ್ಲ.

"ಹಾಗಾದ್ರೆ ಯಾರದು?" ಎಂದ ಇನ್ಸ್‌ಪೆಕ್ಟರ್.

"ನೀವು ದಿಮಾಕು ಅಂದಿರಲ್ಲ, ಅವನದು. ಕೊರಳೆಲುಬು ಮುರಿದರೆ ತೋಳಿನ ಭಾರ ಜಗ್ಗತ್ತೆ. ಕೈಗೊಂದು ಆಸರೆ ಬೇಕು, ಅದಕ್ಕೇ ಹೆಬ್ಬೆರಳು ಪ್ಯಾಂಟಿನ ಸೊಂಟದಲ್ಲಿ. ತಲೆ ಮುರಿದ ಕಡೆಗೇ ವಾಲತ್ತೆ. ತಲೆಯಿಂದ ಎಳೆದು ತೊಡೋ ಅಂಗಿ ಹಾಕೋಕಾಗಲ್ಲ, ಗುಂಡಿಯದೇ ಬೇಕು. ಅಣ್ಣ ತೊಟ್ಟಿರೋ ಅಂಗಿ ನೋಡಿ. ಮುರಿದ ಹೆಗಲಿನವನು ಅದನ್ನ ತೊಡಬೇಕಾದ್ರೆ ಕಿರುಚಿ ಬೀದಿಯನ್ನೇ ಎಬ್ಬಿಸ್ತಿದ್ದ."

ಡಾಕ್ಟರಮ್ಮ ಹುಡುಗನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಎಡಗಡೆ ಕತ್ತಿನ ಬುಡದಲ್ಲಿ ಮೂಳೆ ಉಬ್ಬಿ ನಿಂತು, ಸುತ್ತಲಿನ ಚರ್ಮ ಹಸಿರುಗಪ್ಪಾಗಿತ್ತು. "ಅಯ್ಯೋ ನನ್ನ ಕಂದಾ!" ಎಂದು ತಾಯಿ ಎದೆ ಬಡಿದುಕೊಂಡಳು.

"ಇವನು ಈ ಎಡಗೈಲಿ ತೊಲೆ ಇರಲಿ, ಬಾಚಣಿಗೆಯನ್ನೂ ತಲೆಗೆತ್ತಲಾರ," ಎಂದರು ಡಾಕ್ಟರಮ್ಮ. "ಒಳಗಿದ್ದ ಮೂವರಲ್ಲಿ ಒಬ್ಬ ಸತ್ತ, ಇನ್ನೊಬ್ಬನಿಗೆ ಎರಡೂ ಕೈ ಎತ್ತಲಾಗದು. ಉಳಿದವನು ಯಾರು?"

ಎಲ್ಲರ ಕಣ್ಣೂ ದೊಡ್ಡವನ ಮೇಲೆ ಬಿತ್ತು.

"ಅಣ್ಣ ಮಾಡಿಲ್ಲ!" ಎಂದು ಹುಡುಗ ಮೊದಲ ಸಲ ಬಾಯಿಬಿಟ್ಟ. "ನಾನೇ..."

"ಸುಮ್ನಿರೋ," ಎಂದ ಅಣ್ಣ. ಮೆಲ್ಲಗೆ ಬಟ್ಟೆಯಿಂದ ಕೈ ಹೊರತೆಗೆದ.

"ಇವನು ಅಟ್ಟದಿಂದ ಬಿದ್ದು ಮುರ್ಕೊಂಡ. ಅಮ್ಮನಿಗೂ ಹೇಳ್ಲಿಲ್ಲ. ಕೆಲಸ ಕಲಿಯೋರು ಕೈಕಾಲು ಮುರ್ಕೊಂಡ್ರೆ ಇಲ್ಲಿ ಮಾರನೇ ದಿನಾನೇ ಹೊರಗೆ. ನಾನು ಖಾಯಂ, ನನ್ನ ಹೆಸರಲ್ಲಿ ತೋರಿಸಿದ್ರೆ ರಜಾ ಸಿಗತ್ತೆ, ನನ್ನ ಕೆಲಸ ತಪ್ಪತ್ತೆ, ಇವನ ಪಾಲಿನ ಭಾರದ ಕೆಲಸ ಕದ್ದುಮುಚ್ಚಿ ನಾನೇ ಮಾಡ್ಬೋದು ಅನ್ಕೊಂಡೆ. ರಜಾ ಕೊಡ್ಲಿಲ್ಲ. ಅದಕ್ಕೇ ಇವನ ಕೆಲಸ ಊಟದ ಬಿಡುವಲ್ಲಿ ಮಾಡ್ತಾ ಇದ್ದೆ. ನಾನು ಎರಡೂ ಕೈಲಿ ಹಲಗೆ ಹೊರೋದನ್ನ ಯಜಮಾನ್ರು ನೋಡಿಬಿಟ್ರು. ಇಬ್ರನ್ನೂ ಒದ್ದು ಓಡಿಸ್ತೀನಿ, ಯಾವ ಕಾರ್ಖಾನೇಲೂ ನಿಮಗೆ ಕೆಲಸ ಸಿಗದ ಹಾಗೆ ಮಾಡ್ತೀನಿ ಅಂದ್ರು. ಇವನ ಹೆಗಲು ಹಿಡಿದು ಅಲ್ಲಾಡಿಸಿದ್ರು. ಇವನು ಕೂಗ್ಕೊಂಡ. ನನ್ನ ಕೈಲಿ ಮರದ ರೀಪು ಇತ್ತು. ಆಮೇಲೆ ತೊಲೆ ಉರುಳಿಸಿ ಅವರ ಮೇಲೆ ಹಾಕ್ದೆ."

"ಮತ್ತೆ ತಮ್ಮನ್ನ ಹಿಡ್ಕೊಂಡು ಹೋಗುವಾಗ?" ಎಂದೆ ನಾನು. ತಡೆಯಲಾಗಲಿಲ್ಲ.

ಅವನು ನನ್ನ ಮುಖ ನೋಡಲಿಲ್ಲ. "ಹೆಗಲು ತೋರಿಸ್ತಾನೆ, ಬಿಟ್ಟುಬಿಡ್ತಾರೆ ಅನ್ಕೊಂಡೆ. ಅವನು ತೋರಿಸ್ಲಿಲ್ಲ. ನಾನೂ ಹೇಳ್ಲಿಲ್ಲ. ಹೆದರಿಕೆ ಆಯ್ತು."

ತಾಯಿ ಎದ್ದು ಡಾಕ್ಟರಮ್ಮನ ಮುಂದೆ ನಿಂತಳು. "ಮಗನ್ನ ಬಿಡಿಸ್ಕೊಡಿ ಅಂತ ನಿಮ್ಮ ಬಾಗಿಲಿಗೆ ಬಂದೆನಲ್ಲಮ್ಮ," ಎಂದಳು. ಅಷ್ಟು ವರ್ಷಗಳಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇನ್ಸ್‌ಪೆಕ್ಟರ್ ದೊಡ್ಡವನ ತೋಳು ಹಿಡಿದ. ಹುಡುಗನಿಗೆ "ನೀನಿನ್ನು ಹೋಗ್ಬೋದು," ಎಂದ. ಹುಡುಗ ನಿಂತಲ್ಲೇ ನಿಂತ. ತಾಯಿ ಯಾರ ಕಡೆ ಹೆಜ್ಜೆ ಇಡುವುದೆಂದು ತಿಳಿಯದೆ ಇಬ್ಬರ ಕಡೆಗೂ ತಿರುಗಿ ತಿರುಗಿ ನೋಡಿದಳು. ಕೊನೆಗೆ ಚಿಕ್ಕವನ ಕಡೆ ಕೈಚಾಚಿದಳು.

"ಅಮ್ಮಾ," ಎಂದು ದೊಡ್ಡವನು ಬಾಗಿಲಿನಿಂದ ತಿರುಗಿ ಕೂಗಿದ. "ಆ ಕಡೆಯಿಂದ ಹಿಡೀಬೇಡ. ನೋವಾಗತ್ತೆ ಅವನಿಗೆ."

ಆಕೆ ಸುತ್ತಿ ಬಂದು ಚಿಕ್ಕವನ ಬಲಗೈ ಹಿಡಿದುಕೊಂಡಳು.