ಸಪ್ಪಳವಿಲ್ಲದ ರವಿವಾರ

"ಯಾರದ್ರೀ ಈ ನಾಯಿ?... ಹಿಡಕೋರಿ ಮೊದಲ!"

ವೈಶಾಲಿ ಕೂಗಿದ ರಭಸಕ್ಕೆ ಹೊಲದ ಬದುವಿನಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದು ಹಾರಿದವು.

ತಿಮ್ಮಾಪುರ ದಾಟಿ ಹೊಳೆಯ ಕಡೆಗೆ ಇಳಿಯುವ ಬಂಡಿದಾರಿ ಅದು. ಎರಡೂ ಕಡೆ ಆಳೆತ್ತರದ ಕಬ್ಬು. ನಟ್ಟನಡುವೆ ಅವಳ ಸ್ಕೂಟಿ. ಸ್ಕೂಟಿಯ ಮುಂದೆ ಒಂದು ಬೇಟೆನಾಯಿ. ನೀಳವಾದ ಕಾಲು, ನೀಳವಾದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ. ಬೊಗಳುತ್ತಿರಲಿಲ್ಲ. ದಾರಿ ಬಿಡುತ್ತಲೂ ಇರಲಿಲ್ಲ. ಸುಮ್ಮನೆ ಅವಳನ್ನೇ ನೋಡುತ್ತ ನಿಂತಿತ್ತು.

ಬೊಗಳಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ!

ಕಬ್ಬಿನ ಸಾಲಿನಿಂದ ಒಬ್ಬ ಹೊರಗೆ ಬಂದ. ತಲೆಗೆ ಟವೆಲ್ಲು, ಕೈಯಲ್ಲಿ ಕುಡಗೋಲು, ಮುಖದ ತುಂಬ ನಗು.

"ಸಾವಕಾಶ ರೀ... ಅದು ನಿಮ್ಮನ್ನ ಹೆದರಿಸಿಲ್ಲ. ನೀವಽ ಅದನ್ನ ಹೆದರಿಸೀರಿ. ಕಾಲು ನೋಡ್ರಿ ಅದರವು, ಹೆಂಗ ನಡಗಾಕತ್ತಾವು!"

ವೈಶಾಲಿ ನೋಡಿದಳು. ನಿಜವೇ. ನಾಯಿಯ ಕಾಲೂ ನಡುಗುತ್ತಿದ್ದವು, ಅವಳ ಕಾಲೂ ನಡುಗುತ್ತಿದ್ದವು.

"ಅಷ್ಟ್ಯಾಕ ಸಿಟ್ಟಿಲೆ ಒದರತೀರಿ?" ಎಂದ ಅವನು.

"ಸಿಟ್ಟಲ್ರಿ! ನಾ ಮಾತಾಡೂದಽ ಹಿಂಗ! ಬನಹಟ್ಟ್ಯಾಕಿ ನಾನು. ಮಗ್ಗದ ಮನಿ. ಆ ಸಪ್ಪಳದಾಗ ಮಾತಾಡಿ ಮಾತಾಡಿ ಗಂಟಲಾ ಹಿಂಗಾಗೇತಿ."

ಅವನು ಜೋರಾಗಿ ನಕ್ಕ. ಆ ನಗು ಕೇಳಿ ಅವಳಿಗೆ ಖರೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ... ಯಾಕೋ!

"ಗುರುಸಿದ್ದ ಅಂತಾರ ನನಗ. ಇದು ನಂದಽ ಹೊಲ, ಇಕಿ ಚಂದ್ರಿ. ದಾರಿ ತಪ್ಪಿ ಬಂದೀರೇನು?"

"ತಪ್ಪಿಲ್ರಿ. ಟ್ರಿಪ್ಪಿಗೆ ಒಂದು ಜಾಗಾ ಹುಡಕಾಕ ಬಂದೇನಿ."

"ಇಲ್ಲೆ? ಇಲ್ಲೇನೈತ್ರಿ ನೋಡಾಕ? ಎಲ್ಲಾರೂ ಬಾದಾಮಿಗೆ ಹೊಂಟರ ನೀವು ಕಬ್ಬಿನ ಹೊಲಕ್ಕ ಬಂದೀರಿ!"

"ಬಾದಾಮಿ ಐದು ಸಲ ಆತ್ರಿ. ಆ ಮೆಟ್ಟಲಾ ಹತ್ತಿ ಇಳದು, ಮರುದಿನ ಹನ್ನೊಂದು ಮಂದೀನೂ ಕಾಲ ಹಿಡಕೊಂಡ ಕುಂಡರತಾರ."

ಆ ಹನ್ನೊಂದು ಮಂದಿ ಎಂದರೆ ವೈಶಾಲಿಯ ಓಣಿಯ ಮಗ್ಗಗಳಲ್ಲಿ ದುಡಿಯುವ ಹೆಂಗಸರು. ವರ್ಷಕ್ಕೆ ಒಂದು ದಿನ ಮಗ್ಗ ನಿಲ್ಲಿಸಿ ಟೆಂಪೋ ಮಾಡಿಕೊಂಡು ಹೋಗುವುದು ರೂಢಿ. ಜಾಗ ಗೊತ್ತು ಮಾಡುವ ಕೆಲಸ ಈ ಸಲ ವೈಶಾಲಿಯ ಪಾಲಿಗೆ ಬಂದಿತ್ತು. ನಲವತ್ತು ವರ್ಷ ನೂಲಿನ ಕಂಡಿಕೆ ಸುತ್ತಿದ ಸಾತವ್ವ ಅವಳಿಗೆ ಒಂದೇ ಮಾತು ಹೇಳಿದ್ದಳು.

"ನನಗ ಗುಡೀನೂ ಬ್ಯಾಡ, ಡ್ಯಾಮೂ ಬ್ಯಾಡ. ಸಪ್ಪಳ ಇಲ್ಲದ ಜಾಗಾ ತೋರಸ ಬೇ. ಒಂದಿನ ನನ್ನ ಕಿವಿಗೆ ಸೂಟಿ ಕೊಡತೇನಿ."

ವೈಶಾಲಿಯ ಬಾಯಿಂದ ಅದನ್ನು ಕೇಳಿ ಗುರುಸಿದ್ದನ ನಗು ನಿಂತಿತು. ಕುಡಗೋಲು ಬದುವಿನ ಮೇಲಿಟ್ಟು, ಬರ್ರಿ ಎಂದು ಮುಂದೆ ನಡೆದ.

ಹೊಲದ ಕೊನೆಗೆ ಘಟಪ್ರಭೆಯ ದಂಡೆ. ಆರೇಳು ಹುಣಸೆಮರಗಳ ದಟ್ಟ ನೆರಳು. ಕೆಳಗೆ ನಿಧಾನವಾಗಿ ಸರಿಯುವ ನೀರು. ವೈಶಾಲಿ ಅಲ್ಲಿ ನಿಂತಳು... ಕಿವಿಯಲ್ಲಿ ಮಗ್ಗ ಇನ್ನೂ ಖಟಖಟ ಎನ್ನುತ್ತಲೇ ಇತ್ತು. ಆಮೇಲೆ ಸಣ್ಣಗಾಯಿತು. ಆಮೇಲೆ ಇಲ್ಲವಾಯಿತು.

ಅಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಪಕ್ಕದ ದಾರಿಯಲ್ಲಿ ಹೋಯಿತು. ಎಂಥ ಹಾಡು! ಮರದ ಎಲೆ ಉದುರಬೇಕು!

"ಅದೊಂದು ನನಗ ಬಿಡ್ರಿ," ಎಂದ ಗುರುಸಿದ್ದ, ಮುಖ ಸಣ್ಣದು ಮಾಡಿಕೊಂಡು.

*

ವೈಶಾಲಿಗೆ ಮೂವತ್ತೊಂದು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಅಪ್ಪ ಹೂಡಿದ ನಾಲ್ಕು ಕರೆಂಟಿನ ಮಗ್ಗಗಳನ್ನು ಅವಳೂ ಅವಳವ್ವ ಶಂಕ್ರೆವ್ವನೂ ನಿಲ್ಲಿಸದೆ ನಡೆಸಿದ್ದರು. ಮೂವರು ವರ ಬಂದು ಅವಲಕ್ಕಿ ತಿಂದು ಹೋದರು. ಮೂವರದೂ ಒಂದೇ ಮಾತು: ಮಗ್ಗ ಮಾರಿ ಬರಲಿ.

ಮಾರುವುದಿಲ್ಲ ಎಂದಳು. ಮುಗಿಯಿತು. ನಾಲ್ಕನೆಯವನು ಬಂದಿರಲಿಲ್ಲ. ಬಾರದಿದ್ದರೇ ಒಳ್ಳೆಯದು ಎಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು.

ಈಗ ಆ ಗಟ್ಟಿ ಮನಸ್ಸು ಎಲ್ಲಿ ಹೋಯಿತು?

"ಚಾಪಿ ಎಷ್ಟು ಬೇಕ್ರಿ?" ಎಂದು ಅವನ ಫೋನು.

"ರೊಟ್ಟಿ ಬುತ್ತಿ ನಮ್ಮದು, ಕಬ್ಬಿನಹಾಲು ನಿಮ್ಮದು," ಎಂದು ಅವಳ ಫೋನು.

"ಸಾತವ್ವಾರಿಗೆ ಮೊಣಕಾಲ ನೋವು ಅಂದಿದ್ರಲ್ಲ? ಹೊಳಿಗೆ ಇಳಿಯೂ ಕಡೆ ಮೆಟ್ಟಲಾ ಕಡದೇನ್ರಿ. ಏಳು ಮೆಟ್ಟಲಾ."

ಸಾತವ್ವನಿಗಾಗಿ ಮೆಟ್ಟಿಲು... ಅದನ್ನು ಕೇಳಿ ವೈಶಾಲಿಯ ಕಣ್ಣು ಯಾಕೆ ತುಂಬಬೇಕು?

ಜಾಗ ನೋಡುವ ನೆವ ಮಾಡಿ ಇನ್ನೆರಡು ಸಲ ಹೋಗಿ ಬಂದಳು. ಹುಣಸೆ ನೆರಳಲ್ಲಿ ಕುಳಿತು ಆ ಮೂವರು ವರರ ಕಥೆಯನ್ನೂ ಅವನಿಗೆ ಹೇಳಿದಳು. ಅವನು ನಗಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. "ಮಾರಲಿಲ್ಲಲ್ಲ, ಛಲೋ ಮಾಡಿದ್ರಿ," ಎಂದಷ್ಟೇ ಅಂದ.

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕುಂತಲ್ಲಿ ಕೂಡಲಾಗದು. ಎಳೆ ಕಡಿದದ್ದು ಕಾಣದೆ ಎರಡು ಮೊಳ ಸೀರೆ ಕೆಟ್ಟಿತು. ಫೋನು ಗುಣುಗಿದರೆ ಎದೆ ಹಾರುತ್ತಿತ್ತು. ಕಂಪನಿಯವರ ಮೆಸೇಜು ಎಂದು ಗೊತ್ತಾದರೆ ಫೋನನ್ನು ಎಸೆಯಬೇಕೆನಿಸುತ್ತಿತ್ತು.

ಒಂದು ಮಧ್ಯಾಹ್ನ ಗುರುಸಿದ್ದನೇ ಬನಹಟ್ಟಿಗೆ ಬಂದ.

ಮಗ್ಗದ ಮನೆಯ ಬಾಗಿಲಲ್ಲಿ ನಿಂತ. ನಾಲ್ಕೂ ಮಗ್ಗ ನಡೆದಿದ್ದವು. ಕಿವಿಗೆ ಬಾಯಿ ಹಚ್ಚಿದರೂ ಕೇಳದಂಥ ಸಪ್ಪಳ. ವೈಶಾಲಿ ಒಳಗಿನ ಮಗ್ಗದ ಹಿಂದೆ ಎಳೆ ಜೋಡಿಸುತ್ತಿದ್ದಳು. ಅವನನ್ನು ನೋಡಿದಳು, ಕೈ ಬಿಡುವಂತಿರಲಿಲ್ಲ.

ಅವನು ಅವಳನ್ನೇ ನೋಡುತ್ತ ನಿಂತ. ಹೇಗೂ ಕೇಳುವುದಿಲ್ಲ ಎಂಬ ಧೈರ್ಯವೋ ಏನೋ... ಬಾಯಿಬಿಟ್ಟ.

"ವೈಶಾಲೀ... ನೀ ನನಗ ಬೇಕು. ಲಗ್ನ ಆಗತೀಯೇನು ಅಂತ ಕೇಳಬೇಕಂತ ಎಷ್ಟು ದಿನ ಆತು. ಎದುರಿಗೆ ನಿಂತ್ರ ಬಾಯಿ ಬರವಲ್ತು."

ಪಾಪ, ಒಕ್ಕಲುತನದವನಿಗೆ ಏನು ಗೊತ್ತು! ಮಗ್ಗದ ಮನೆಯಲ್ಲಿ ಬೆಳೆದವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ. ತುಟಿ ನೋಡಿ ತಿಳಿಯುತ್ತಾರೆ. ನಾಲ್ಕು ಮಗ್ಗದ ಆಚೆ ನಿಂತವರು ಚಹಾ ಬೇಕೆಂದರೂ ಗೊತ್ತು, ಬೈದರೂ ಗೊತ್ತು. ಎಂಟು ವರ್ಷದವಳಿದ್ದಾಗಿನಿಂದ ವೈಶಾಲಿಗೆ ಅದು ಬರುತ್ತಿತ್ತು.

ಒಂದಕ್ಷರವೂ ತಪ್ಪದೆ ತಿಳಿಯಿತು!

ಕೈಯಲ್ಲಿದ್ದ ಎಳೆ ಬಿಟ್ಟಳು. ಓಡಿಹೋಗಿ ಗುಂಡಿ ಒತ್ತಿ ನಾಲ್ಕೂ ಮಗ್ಗ ನಿಲ್ಲಿಸಿದಳು. ಕೋಣೆಯೆಲ್ಲ ಗಪ್ಪೆಂದಿತು.

"ಏನಂದ್ರಿ?" ಎಂದಳು. ಎದೆಯ ಬಡಿತ ಅವಳಿಗೇ ಕೇಳುತ್ತಿತ್ತು.

ಹೇಳು... ಇನ್ನೊಂದು ಸಲ ಹೇಳು!

ಗುರುಸಿದ್ದನ ಮುಖ ಬಿಳಿಚಿತು.

"ಏನಿಲ್ರಿ... ರವಿವಾರ ಟೆಂಪೋ ಎಂಟಕ್ಕ ಬಿಡ್ರಿ ಅಂತ ಹೇಳಾಕ ಬಂದಿದ್ದೆ."

ಕಂಡಿಕೆ ಸುತ್ತುತ್ತಿದ್ದ ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ಹಿಂದೆ ಇನ್ನಿಬ್ಬರು ನಕ್ಕರು. ಅವರಿಗೂ ಎಲ್ಲ ತಿಳಿದಿತ್ತು! ಗುರುಸಿದ್ದ ತನ್ನ ಮಣ್ಣಾದ ಅಂಗಿ ನೋಡಿಕೊಂಡ, ನನ್ನ ನೋಡಿ ನಗುತ್ತಿದ್ದಾರೆ ಎಂದುಕೊಂಡ, ತಿರುಗಿ ನಡೆದುಬಿಟ್ಟ.

"ಟೆಂಪೋ ಅಂತ ಬೇ, ಟೆಂಪೋ!" ಎಂದಳು ಸಾತವ್ವ. "ನಾ ಲಗ್ನದ ಬಸ್ಸು ಅಂತ ತಿಳಕೊಂಡಿದ್ನಿ."

"ಸುಮ್ನಿರ ಬೇ ಸಾತವ್ವಾ!"

ವೈಶಾಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಲ್ಲರ ಕಣ್ಣೆದುರು ಹೇಳಿದ. ಬಾಯಿಬಿಟ್ಟು ಕೇಳಿದರೆ ಏನಿಲ್ಲ ಅಂದ. ನಾನೇನು ಇವನಿಗೆ ಹೊತ್ತು ಕಳೆಯುವ ಆಟವೇ? ಆ ಮೂವರಾದರೂ ತಮ್ಮ ಮಾತು ನೇರ ಹೇಳಿ ಹೋದರು!

ಮರುದಿನವೇ ಫೋನು ಮಾಡಿದಳು.

"ನಾವು ಬಾದಾಮಿಗೇ ಹೋಗೂದ ಆತ್ರಿ."

"ಜಾಗಾ ಮನಸ್ಸಿಗೆ ಬರಲಿಲ್ಲೇನ್ರಿ?"

"ಜಾಗಾ ಛಲೋ ಐತಿ."

"ಮತ್ತ?"

"ಮತ್ತೇನಿಲ್ಲ."

ಕತ್ತರಿಸಿದಳು. ಆಮೇಲೆ ನಾಲ್ಕು ದಿನ ಒಂದು ತುತ್ತೂ ನೆಟ್ಟಗೆ ಒಳಗಿಳಿಯಲಿಲ್ಲ. ಫೋನನ್ನು ತೆಗೆಯುವುದು, ಇಡುವುದು. ಹೊರಬಾಗಿಲಿಗೆ ಹೋಗುವುದು, ಬರುವುದು. ಶಂಕ್ರೆವ್ವ ನೋಡುತ್ತಲೇ ಇದ್ದಳು.

*

ರವಿವಾರ ಎಂಟಕ್ಕೆ ಟೆಂಪೋ ಬಿಟ್ಟಿತು. ಹನ್ನೊಂದು ಮಂದಿ ಹೆಂಗಸರು, ಹನ್ನೊಂದು ಬುತ್ತಿ, ಮೇಲೆ ಶಂಕ್ರೆವ್ವ. ವೈಶಾಲಿ ಕೊನೆಯ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು.

ಮುಧೋಳ ಬಂತು. ಟೆಂಪೋ ನೇರ ಹೋಗದೆ ಹೊರಳಿತು.

"ಏ ಸಂಜು! ಬಾದಾಮಿ ರಸ್ತಾ ಆ ಕಡೆ!"

"ಗೊತ್ತೈತ್ರಿ ಅಕ್ಕಾ," ಎಂದ ಡ್ರೈವರ್ ಸಂಜು. "ದಾರಿ ಹೇಳಿದವರು ಮುಂದ ಕುಂತಾರ, ಅವರನ್ನ ಕೇಳ್ರಿ."

ಮುಂದೆ ಕುಳಿತ ಶಂಕ್ರೆವ್ವ ತಿರುಗಿದಳು. "ನಾನಽ ಹೇಳೇನಿ."

"ಅವ್ವಾ!"

"ಏನ್ ಅವ್ವಾ? ಅವತ್ತ ಮೂರನೇ ಮಗ್ಗದ ಹಿಂದ ನಾನೂ ಇದ್ನೆಲ್ಲ. ನನ್ನ ಕಣ್ಣೇನು ಹೋಗ್ಯಾವೇನು? ಮಗ್ಗ ನಡದಾಗ ಖರೆ ಹೇಳಿದ, ನಿಂತ ಮ್ಯಾಲೆ ಸುಳ್ಳ ಹೇಳಿದ. ಯಾಕ ಅಂತ ಕೇಳಿದೇನು ನೀ? ಅವರು ಒಕ್ಕಲುತನದವರು, ನಾವು ನೇಕಾರರು ಅಂತ ತಕರಾರ ತಗಿಯಬೇಕಾದಾಕಿ ನಾನು. ನಾನಽ ಸುಮ್ಮ ಇದ್ದೇನಿ. ನೀ ಯಾಕ ಮಾರಿ ತಿರುವಿ ಕುಂತಿ?"

ಸಾತವ್ವನೂ, "ಕೇಳಿ ಬಾ ಬೇ. ಇಲ್ಲಂದ್ರ ನಾ ಕೇಳತೇನಿ," ಎಂದಳು.

ಬಂಡಿದಾರಿಯ ತಲೆಗೆ ಒಂದು ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಅದರ ಮೇಲೆ ಕುಳಿತ ಹಣಮಂತ ಎಂಬವನು ಕೈ ಅಡ್ಡ ಮಾಡಿದ.

"ಈ ದಾರಿ ಇವತ್ತ ಬಂದ್ ರೀ. ಗಾಡಿ ಇಲ್ಲೇ ನಿಲ್ಲಿಸಿ ನಡಕೋತ ಹೋಗ್ರಿ."

"ಯಾಕ?" ಎಂದಳು ವೈಶಾಲಿ.

"ನಮ್ಮ ಗುರುಸಿದ್ದ ಎಲ್ಲಾರ ಮನಿಗೆ ಹೋಗಿ ಕೈ ಮುಗದು ಬಂದಾನ್ರಿ. ರವಿವಾರ ಒಂದಿನ ಯಾರೂ ಮೋಟರ್ ಚಾಲೂ ಮಾಡಬ್ಯಾಡ್ರಿ, ಟ್ರ್ಯಾಕ್ಟರ್ ಈ ಕಡೆ ತರಬ್ಯಾಡ್ರಿ ಅಂತ. ಬನಹಟ್ಟಿ ನೇಕಾರ ಹೆಣ್ಮಕ್ಕಳು ಸಪ್ಪಳ ಇಲ್ಲದ ಜಾಗಾಕ ಬರತಾರಂತ."

"ಅವರು ಬರಾಂಗಿಲ್ಲ ಅಂತ ತಿಳಿಸಿದ್ರಲ್ಲ?"

"ಹೂಂ ರೀ, ನಾನೂ ಅದನ್ನಽ ಅಂದೆ. ಹುಚ್ಚ ಆಗೀಯೇನಲೇ, ಅವರು ಬರಾಂಗಿಲ್ಲ, ನಾ ಟೇಪ್ ಹಚ್ಚತೇನಿ ಅಂದೆ. ಬ್ಯಾಡೋ, ಇರ್ಲಿ ಅಂದ. ಮುಂಜಾನಿಂದ ಹೊಳಿ ದಂಡ್ಯಾಗ ಒಬ್ಬಾಂವ ಕುಂತಾನ."

ವೈಶಾಲಿ ಕೇಳುತ್ತ ನಿಲ್ಲಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಅವನು ಹುಣಸೆ ಬೇರಿನ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

ಹೊಳೆಯ ಎರಡೂ ದಂಡೆಯಲ್ಲಿ ಒಂದೂ ಸಪ್ಪಳವಿರಲಿಲ್ಲ. ಅವಳ ಏದುಸಿರು ಮಾತ್ರ!

"ಅವತ್ತ ನೀವು ಅಂದದ್ದು ಟೆಂಪೋ ಸುದ್ದಿ ಅಲ್ಲ," ಎಂದಳು.

"...ಏನ್ರಿ?"

"ಮಗ್ಗ ನಡದಾಗ ನಾವು ತುಟಿ ನೋಡಿ ಮಾತು ತಿಳಕೋತೇವ್ರಿ. ನೀವು ಅಂದದ್ದೆಲ್ಲಾ ನನಗ ತಿಳದೈತಿ. ಮೊದಲನೇ ಮಾತಿಂದ ಕಡೀ ಮಾತಿನ ತನಕ."

ಗುರುಸಿದ್ದನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಅಂದ್ರ... ಆ ಸಾತವ್ವಾರಿಗೂ?"

"ಸಾತವ್ವಗೂ. ನಮ್ಮ ಅವ್ವಗೂ."

"ಶಿವನಽ!" ಎಂದು ಅವನು ಕುಸಿದು ಕುಳಿತ. "ಅವರು ನಕ್ಕದ್ದು ಅದಕ್ಕೇನು? ನಾ ನನ್ನ ಅಂಗಿ ನೋಡಿ ನಕ್ಕರಂತ..."

ವೈಶಾಲಿಗೆ ನಗು ಬಂತು. ನಗುವಿನ ಹಿಂದೆಯೇ ಅಳು.

"ಕೇಳಿದ್ನೆಲ್ಲ ನಾನು? ನಾಲ್ಕೂ ಮಗ್ಗ ನಿಲ್ಲಿಸಿ ಕೇಳಿದ್ನೆಲ್ಲ? ಯಾಕ ಏನಿಲ್ಲ ಅಂದ್ರಿ?"

ಅವನು ತಲೆ ತಗ್ಗಿಸಿದ.

"ಮೂರು ಮಂದಿ ಮಗ್ಗ ಮಾರು ಅಂದ್ರಂತ ನೀವಽ ಹೇಳಿದ್ರಿ. ನಾನೂ ಈ ಹೊಲಾ ಬಿಟ್ಟು ಬರಾಂವಲ್ಲ. ಕೇಳಿದ್ರ ನಿಮ್ಮ ಕಣ್ಣಾಗ ನಾ ನಾಲ್ಕನೇದಾಂವ ಆಗಿಬಿಡತೇನಿ... ಆ ಹೆದರಿಕಿ ರೀ. ಅದಕ್ಕಿಂತ ಕೇಳದಽ ಇದ್ರ, ಹಿಂಗಽ ಬಂದು ಹೋಗತೀರಲ್ಲ ಅಂತ."

ಇಷ್ಟೇನಾ! ಈ ನಾಲ್ಕು ದಿನದ ಸಂಕಟ, ಈ ಒದ್ದಾಟ, ಇಷ್ಟಕ್ಕೇನಾ!

"ನಾ ನಿಮಗ ಹೊಲಾ ಬಿಡ್ರಿ ಅಂದೇನೇನು?"

"ಇಲ್ಲ."

"ನೀವು ನನಗ ಮಗ್ಗ ಮಾರು ಅಂತೀರೇನು?"

"ಅಯ್ಯ, ಇಲ್ರಿ!"

"ಮತ್ತ? ಸ್ಕೂಟಿ ಮ್ಯಾಲೆ ಮುಕ್ಕಾಲು ತಾಸಿನ ದಾರಿ. ಮುಂಜಾನೆ ಹೋಗತೇನಿ, ಸಂಜಿಕ್ಕ ಬರತೇನಿ. ಮಂದಿ ಇಲ್ಲಿಂದ ಸಾಲಿಗೆ, ಬ್ಯಾಂಕಿಗೆ ಹೋಗಿ ಬರಾಂಗಿಲ್ಲೇನು?"

ಗುರುಸಿದ್ದ ನಿಧಾನವಾಗಿ ಎದ್ದ. ಎದುರಿಗೆ ಬಂದು ನಿಂತ. ಈ ಸಲ ಅವನಿಗೆ ಅಡ್ಡವಾಗಲು ಒಂದು ಮಗ್ಗವೂ ಇರಲಿಲ್ಲ.

"ವೈಶಾಲೀ... ನನ್ನ ಲಗ್ನ ಆಗತೀಯೇನು?"

ಅವಳು ಹೂಂ ಎಂದು ತಲೆಯಾಡಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಅವನು ಒರೆಸಲು ಕೈ ಎತ್ತಿದ, ಅಂಗೈ ಮಣ್ಣಾಗಿದ್ದನ್ನು ನೋಡಿ ಹಿಂದೆ ತೆಗೆದ. ಅವಳೇ ಆ ಕೈ ಹಿಡಿದುಕೊಂಡಳು.

ಹಿಂದೆ ಹೆಂಗಸರು ಒಬ್ಬೊಬ್ಬರೇ ಬಂದು ಚಾಪೆ ಹಾಸಿದರು. ಯಾರೂ ಮಾತಾಡಲಿಲ್ಲ. ಸಾತವ್ವ ಮೊಣಕಾಲು ಹಿಡಿದು ಏಳು ಮೆಟ್ಟಿಲು ಇಳಿದು, ನೀರಿನಲ್ಲಿ ಕಾಲು ಬಿಟ್ಟು ಕಣ್ಣು ಮುಚ್ಚಿದಳು. ಶಂಕ್ರೆವ್ವ ಸದ್ದಿಲ್ಲದೆ ಬಂದು ಇಬ್ಬರ ನಡುವೆ ಒಂದು ಬುತ್ತಿ ಇಟ್ಟು ಹೋದಳು.

ಗುರುಸಿದ್ದ ಗಂಟು ಬಿಚ್ಚಿದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಒಂದು ರೊಟ್ಟಿ ಮುರಿದು ದೊಡ್ಡ ಅರ್ಧ ಅವಳಿಗೆ ಕೊಟ್ಟ.

"ಉಣ್ರಿ."

"ಇನ್ನೂ ರೀ?"

ಅವನು ನಾಚಿದ. "...ಉಣ್ಣು, ವೈಶಾಲಿ."

"ಅರ್ಧ ಸಾಲಂಗಿಲ್ಲ ನನಗ," ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ. "ನಾಲ್ಕು ದಿನದ ಹಸಿವಿ ಐತಿ."

ಅವನು ತನ್ನ ಕೈಯಲ್ಲಿದ್ದ ಅರ್ಧವನ್ನೂ ಅವಳ ಮುಂದಿಟ್ಟು, ಬುತ್ತಿಯನ್ನೇ ಅವಳ ಕಡೆಗೆ ಸರಿಸಿದ.

"ತಗೋ... ಸಾವಕಾಶ ಉಣ್ಣು. ನಾ ಇಲ್ಲೇ ಕುಂತಿರತೇನಿ."